ನಾನೇನೂ ಹೇಳುವುದಿಲ್ಲ

ಮಂಗಳೂರಿನಿಂದ ಉಡುಪಿಯವರೆಗೆ, ಬಾಸೆಲ್ ಮಿಶನ್ ಕಾಲದ ಯಾವ ಸಭೆಗೆ ಹೋದರೂ ಇಂಥ ಹಿರಿಯರೊಬ್ಬರು ಸಿಕ್ಕೇ ಸಿಗುತ್ತಾರೆ. ಇಸ್ತ್ರಿ ಹಾಕಿದ ಬಿಳಿ ಅಂಗಿ, ಕಂಕುಳಲ್ಲಿ ಕಪ್ಪು ರಟ್ಟಿನ ಬೈಬಲು, ಬಿಗಿದ ತುಟಿ. ಆರಾಧನೆ ಮುಗಿದು ಉಳಿದವರೆಲ್ಲ ಅಂಗಳದಲ್ಲಿ ಗುಂಪುಗೂಡಿ ಯಾರ ಮಗ ದುಬಾಯಿಂದ ಬಂದ, ಯಾರ ಸೊಸೆ ತವರಿಗೆ ಹೋದವಳು ಇನ್ನೂ ಬಂದಿಲ್ಲ ಎಂದು ವಿಚಾರಮಂಥನ ನಡೆಸುವಾಗ ಇವರು ಮಾತ್ರ ಮಾವಿನ ಮರದ ಬುಡದಲ್ಲಿ ಒಬ್ಬರೇ ನಿಂತಿರುತ್ತಾರೆ. ಮಾತು ಕೇಳಿಸುವಷ್ಟು ಹತ್ತಿರದಲ್ಲಿ.

ನಮ್ಮ ಸಭೆಯವರನ್ನು ದೂರಿ ಪ್ರಯೋಜನವಿಲ್ಲ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಕಲ್ಲಚ್ಚಿನಲ್ಲಿ ಹೊರಟದ್ದು ಇದೇ ಮಿಶನ್ನಿನ ಹರ್ಮನ್ ಮೋಗ್ಲಿಂಗರ ಕೈಯಿಂದ. ಸಮಾಚಾರ ಎಂದರೆ ಕಿವಿ ನೆಟ್ಟಗಾಗುವುದು ನಮಗೆ ಅಲ್ಲಿಂದಲೇ ಬಂದ ಬಳುವಳಿ. ಆ ಪತ್ರಿಕೆ ಹದಿನೈದು ದಿನಕ್ಕೊಮ್ಮೆ ಬರುತ್ತಿತ್ತು. ನಮ್ಮ ಅಂಗಳಕ್ಕೆ ಅಷ್ಟು ತಾಳ್ಮೆ ಇಲ್ಲ.

ಇಂಥವರ ನಡುವೆ ನಾಲಿಗೆ ಬಿಗಿಹಿಡಿದು ಬದುಕುವುದು ಸಣ್ಣ ಸಾಧನೆಯಲ್ಲ. ಯಾಕೋಬನ ಪತ್ರಿಕೆಯ 3ನೇ ಅಧ್ಯಾಯ ಹಿರಿಯರಿಗೆ ಬಾಯಿಪಾಠ. ಕುದುರೆಯ ಕಡಿವಾಣ, ಹಡಗಿನ ಚುಕ್ಕಾಣಿ, ಕಾಡು ಸುಡುವ ಕಿಡಿ, ಎಲ್ಲವೂ ನಾಲಿಗೆಯ ಮೇಲೇ. ಬಾಯಿಗೆ ಕಾವಲಿಡು ಎಂದು ದೇವರನ್ನು ಬೇಡುವ 141ನೇ ಕೀರ್ತನೆ ಬೆಳಗಿನ ಚಾಕ್ಕಿಂತ ಮೊದಲು ಆಗಬೇಕು. ಆಡಿದ ಒಂದೊಂದು ವ್ಯರ್ಥ ಮಾತಿಗೂ ನ್ಯಾಯತೀರ್ಪಿನ ದಿನ ಲೆಕ್ಕ ಕೊಡಬೇಕೆಂದು ಮತ್ತಾಯನ ಸುವಾರ್ತೆಯ 12ನೇ ಅಧ್ಯಾಯದಲ್ಲಿದೆ. ನಮ್ಮ ಹಿರಿಯರು ಬ್ಯಾಂಕ್ ಮ್ಯಾನೇಜರಾಗಿ ನಿವೃತ್ತರಾದವರು. ಆಡದ ಮಾತಿಗೆ ಆಡಿಟ್ ಇಲ್ಲ ಎಂಬುದು ಅವರ ದೃಢ ವಿಶ್ವಾಸ.

ಒಮ್ಮೆ ಉಡುಪಿ ಕಡೆಯ ಹುಡುಗಿಯ ತಂದೆ, ಸೋದರಮಾವನನ್ನೂ ಕೂರಿಸಿಕೊಂಡು, ನಮ್ಮ ಸಭೆಯ ಹುಡುಗನೊಬ್ಬನನ್ನು ವಿಚಾರಿಸಲು ಕಾರು ಮಾಡಿ ಬಂದರು. ವಿಚಾರಿಸಿದರೆ ಇವರನ್ನೇ ವಿಚಾರಿಸಬೇಕೆಂದು ಯಾರೋ ಹೇಳಿದ್ದರಂತೆ. ಸುಳ್ಳು ಹೇಳುವ ಜನ ಅಲ್ಲ ಎಂದು.

“ಹುಡುಗ ಹೇಗೆ ಸರ್?”

“ನಾನೇನೂ ಹೇಳುವುದಿಲ್ಲ.”

“ಹಾಗಲ್ಲ ಸರ್, ಸಣ್ಣದಿರುವಾಗಿಂದ ನೋಡಿದವರು ನೀವು...”

“ನೋಡಿದ್ದೇನೆ.” ಕನ್ನಡಕ ತೆಗೆದರು. ಒರೆಸಿದರು. ಮತ್ತೆ ಹಾಕಿಕೊಂಡರು. “ನೋಡಿದ್ದೆಲ್ಲ ಹೇಳ್ಲಿಕ್ಕುಂಟಾ?”

“ಕುಡಿಯುವುದು, ಹಾಗೆ ಎಂತದ್ದಾದ್ರೂ...?”

“ಇನ್ನೊಬ್ಬರ ವಿಷಯ ನಾವು ಮಾತಾಡಬಾರ್ದು. ಮೇಲೆ ದೇವರಿದ್ದಾರೆ. ಚಾ ತಣಿಯಿತು, ಕುಡಿಯಿರಿ.”

ಕಾರು ಹಿಂದೆ ಹೊರಟಿತು. ಸುರತ್ಕಲ್ ದಾಟುವಾಗ ಹುಡುಗ ಕುಡಿಯಲು ಶುರುಮಾಡಿದ. ಮುಲ್ಕಿಯಲ್ಲಿ ಮೈತುಂಬ ಸಾಲ ಮಾಡಿಕೊಂಡ. ಪಡುಬಿದ್ರಿಯಲ್ಲಿ ಅವನ ಕೆಲಸ ಹೋಯಿತು. ಕಾಪು ಬರುವಷ್ಟರಲ್ಲಿ ಕುವೈತಿನಲ್ಲಿ ಅವನಿಗೆ ಮೊದಲೇ ಒಬ್ಬಳು ಹೆಂಡತಿ. ಉಡುಪಿಯಲ್ಲಿ ಇಳಿದಾಗ ತಂದೆಯೂ ಮಾವನೂ, ಹುಡುಗಿ ಬಚಾವಾದಳೆಂದು ದೇವರಿಗೆ ಸ್ತೋತ್ರ ಹೇಳಿದರು. ಹುಡುಗನ ತಂಟೆ ಎಂದರೆ ಕ್ವಾಯರಿನಲ್ಲಿ ಬೇಸ್ ಸ್ವರ ಸ್ವಲ್ಪ ಜೋರಾಗಿ ಹಾಡುವುದು, ಅಷ್ಟೇ. ಹಿರಿಯರಿಗೂ ಅವನ ಮೇಲೆ ಪ್ರೀತಿಯೇ ಇತ್ತು. ಸಂಬಂಧ ಯಾಕೆ ಮುರಿಯಿತೆಂದು ಅವರಿಗೆ ಇವತ್ತಿಗೂ ಆಶ್ಚರ್ಯ. ಆದರೆ ಯಾರನ್ನೂ ಕೇಳಲಿಲ್ಲ. ಕೇಳುವುದೂ ಮಾತೇ ತಾನೇ?

ಲೂಕನ ಸುವಾರ್ತೆಯ ಜಕರೀಯನಿಗೆ ಮಾತು ನಿಂತುಹೋಗಿ, ಮಗುವಿನ ಹೆಸರು ಯೋಹಾನ ಎಂದು ತಿಳಿಸಲು ಬರೆಯುವ ಹಲಗೆ ಬೇಕಾಯಿತು. ನಮ್ಮವರಿಗೆ ಹಲಗೆಯೂ ಬೇಡ. ಬೆಳೆ ಹಬ್ಬದ ಏಲಂ ಲೆಕ್ಕ ಓದುತ್ತಿದ್ದಾಗ ಬಾಳೆಗೊನೆಯ ಬಾಬ್ತಿನಲ್ಲಿ ಅವರೊಮ್ಮೆ ಕೆಮ್ಮಿದರು. ತಕ್ಷಣ ಮೂವರ ಉಪಸಮಿತಿ ಆಯಿತು. ಲೆಕ್ಕ ಪೈಸೆಗೆ ಪೈಸೆ ಸರಿ ಇತ್ತು. ಕೆಮ್ಮು ನಿಜವಾದ ಕೆಮ್ಮು.

ಕಾವಲು ಸಡಿಲವಾಗುವುದು ಪ್ರಾರ್ಥನೆಯಲ್ಲಿ ಮಾತ್ರ. ದೇವರಿಗೆ ಹೇಳಿದ್ದು ಚಾಡಿಯಾಗುವುದು ಹೇಗೆ? ಗೃಹಕೂಟದಲ್ಲಿ ಕಣ್ಣು ಮುಚ್ಚಿದರೆಂದರೆ ಬಾಕಿಯವರ ಕಿವಿ ತೆರೆಯಿತು: “ಕರ್ತನೇ, ಬಿಜೈಯಲ್ಲಿ, ಪೆಟ್ರೋಲ್ ಪಂಪಿನ ಹಿಂದೆ, ಹೊಸ ಫ್ಲ್ಯಾಟಿನ ಎರಡನೇ ಮಹಡಿಯಲ್ಲಿ, ಲಿಫ್ಟಿನ ಎಡಕ್ಕೆ, ಕಂತು ಕಟ್ಟಲಾಗದೆ ನಿದ್ದೆಗೆಟ್ಟಿರುವ ನಿನ್ನ ದಾಸನನ್ನು ನೆನಪಿಸಿಕೋ. ಅವನ ಹೆಸರು ನಿನಗೆ ಗೊತ್ತೇ ಉಂಟು.” ದೇವರಿಗೆ ಗೊತ್ತಿರಲೇಬೇಕು. ಇಷ್ಟು ವಿಳಾಸ ಕೊಟ್ಟ ಮೇಲೆ ಅಂಚೆಯವನಿಗೂ ಗೊತ್ತಾಗುತ್ತಿತ್ತು. ತಪ್ಪು ಒಬ್ಬನದಿದ್ದರೆ ಮೊದಲು ಅವನೊಬ್ಬನನ್ನೇ ಕಂಡು ಹೇಳಬೇಕೆಂದು ಮತ್ತಾಯ 18ರಲ್ಲಿ ಬಹಳ ಸಲೀಸಾದ ದಾರಿ ತೋರಿಸಿದೆ. ಆದರೆ ಅದಕ್ಕೆ ಬಿಜೈವರೆಗೆ ಹೋಗಿ, ಮೆಟ್ಟಿಲು ಹತ್ತಿ, ಬಾಗಿಲು ತಟ್ಟಿ, ಬಾಯಿ ಬಿಡಬೇಕು.

ಮನೆಯೊಳಗಿನ ವೃತ್ತಾಂತ ಅವರ ಹೆಂಡತಿಯಿಂದ ಬಂದದ್ದು. “ಕೋರಿ ರೊಟ್ಟಿ ಖಾರ ಆದ್ರೂ ಹೇಳುವುದಿಲ್ಲ, ರುಚಿ ಆದ್ರೂ ಹೇಳುವುದಿಲ್ಲ. ಬಟ್ಟಲು ನೋಡಿ ನಾನೇ ತಿಳ್ಕೊಳ್ಬೇಕು ಮಾರ್ರೆ.” ಒಂದು ದಿನ ಆಕೆ ಗಂಡನ ಬೈಬಲು ತೆಗೆದು ಎಫೆಸದವರಿಗೆ ಬರೆದ ಪತ್ರಿಕೆಯ 4ನೇ ಅಧ್ಯಾಯದ 29ನೇ ವಚನ ತೋರಿಸಿದರು. ಕೆಟ್ಟ ಮಾತು ಬಾಯಿಂದ ಬರಬಾರದು ಎಂಬಲ್ಲಿಯವರೆಗೆ ಕೆಂಪು ಪೆನ್ಸಿಲಿನ ಗೆರೆ, ಅಡಿಗೋಲು ಇಟ್ಟು ಎಳೆದದ್ದು. ಕೇಳಿದವರಿಗೆ ಹಿತವಾಗುವ ಮಾತನ್ನು ಆಡಿರಿ ಎಂಬ ಮುಂದಿನ ಅರ್ಧ ಹೊಸ ಪುಸ್ತಕದಷ್ಟು ಚೊಕ್ಕ. ಪೌಲನು ಕಾವಲುಗಾರನನ್ನು ನೇಮಿಸಿದ್ದು ಒಳ್ಳೆಯವರನ್ನೂ ಗೇಟಿನಲ್ಲೇ ತಡೆಯಲು ಅಲ್ಲವಲ್ಲ!

ಕಳೆದ ಬಾರಿ ಸಭಾಪಾಲಕರಿಗೆ ವರ್ಗವಾದಾಗ ವಿದಾಯ ಕೂಟದಲ್ಲಿ ಎರಡು ಮಾತಾಡಿರೆಂದು ಇವರನ್ನು ಎಬ್ಬಿಸಿದರು. ಆ ಸಭಾಪಾಲಕರೆಂದರೆ ಹಿರಿಯರಿಗೆ ಜೀವ. ಆಸ್ಪತ್ರೆಯಲ್ಲಿ ರಾತ್ರಿಯಿಡೀ ಪಕ್ಕದಲ್ಲಿ ಕೂತಿದ್ದವರು. ಮೈಕಿನ ಮುಂದೆ ನಿಂತರು, ಗಂಟಲು ಕಟ್ಟಿತು, ಕಣ್ಣು ತುಂಬಿತು. “ಇವರ ಬಗ್ಗೆ... ನಾನೇನೂ ಹೇಳುವುದಿಲ್ಲ” ಎಂದು ಕೂತುಬಿಟ್ಟರು. ಸಭಾಪಾಲಕರ ಮುಖ ಬಿಳಿಚಿತು. ಖಜಾಂಚಿ ಎದ್ದು ಹೋಗಿ ಕಪಾಟಿನ ಬೀಗ ಎಳೆದು ನೋಡಿ ಬಂದ.

ಮೂರನೇ ದಿನ ಹೊಸ ಊರಿನ ಸಭೆಯವರ ಫೋನು. “ನಿಮ್ಮಲ್ಲಿಂದ ಬರುವ ಪಾದ್ರಿಗಳು ಹೇಗೆ ಸರ್? ಎಂತದೋ ಉಂಟಂತಲ್ಲ?” ಹಿರಿಯರು ಕನ್ನಡಕ ತೆಗೆಯಲು ಕೈ ಎತ್ತಿದ್ದೇ ತಡ, ಹೆಂಡತಿ ಒದ್ದೆ ಕೈಯಲ್ಲೇ ಫೋನು ಕಿತ್ತುಕೊಂಡರು.

“ಚಿನ್ನದಂಥ ಮನುಷ್ಯ ಮಾರ್ರೆ, ಕಣ್ಣು ಮುಚ್ಚಿ ಕರ್ಕೊಳ್ಳಿ. ಪ್ರಸಂಗ ಮಾತ್ರ ಉದ್ದ. ಆದಿತ್ಯವಾರ ಮೀನು ಸಾರು ಮಾಡುವುದಾದ್ರೆ ಬೆಳಿಗ್ಗೆಯೇ ಮಾಡಿಟ್ಟು ಹೊರಡಿ.”