ಹನ್ನೊಂದು ತಿಂಗಳ ವರ್ಷ

ಬೆಂಗಳೂರಿನ ಮನೆ ಮಾಲೀಕರ ಪಂಚಾಂಗದಲ್ಲಿ ವರ್ಷಕ್ಕೆ ಹನ್ನೊಂದೇ ತಿಂಗಳು. ಅಧಿಕ ಮಾಸ ಬಂದರೂ ಅಷ್ಟೆ, ಬರದಿದ್ದರೂ ಅಷ್ಟೆ. ಟೈಪಿಂಗ್ ಅಂಗಡಿಯವನಿಗೆ ಇದನ್ನು ಬಾಯಿಬಿಟ್ಟು ಹೇಳಬೇಕಾಗಿಯೂ ಇಲ್ಲ. ಹೆಸರು, ಬಾಡಿಗೆ, ಅಡ್ವಾನ್ಸು ಇಷ್ಟನ್ನು ಕೇಳಿಕೊಂಡು ಹಳೆಯ ಕರಾರುಪತ್ರದಲ್ಲೇ ತುಂಬಿ ಕೊಡುತ್ತಾನೆ. ಎಷ್ಟೋ ಸಲ ಹಿಂದಿನ ಬಾಡಿಗೆದಾರನ ಹೆಸರು ಮೂರನೆಯ ಪುಟದಲ್ಲಿ ಹಾಗೇ ಉಳಿದುಬಿಟ್ಟಿರುತ್ತದೆ. ಖಾಲಿ ಮಾಡಿ ಹೋದ ಆ ಪುಣ್ಯಾತ್ಮ ಗೋಡೆಗೆ ಮೊಳೆ ಹೊಡೆಯುವುದಿಲ್ಲವೆಂದು ಇನ್ನೊಮ್ಮೆ ಒಪ್ಪಿಕೊಂಡಿರುತ್ತಾನೆ.

ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕು ಎಂದು 1908ರ ನೋಂದಣಿ ಕಾಯ್ದೆ ಹೇಳುತ್ತದೆ. ‘ಮೀರಿದ’ ಎಂದಿದೆಯಲ್ಲ, ಸರಿಯಾಗಿ ಹನ್ನೆರಡು ತಿಂಗಳಿಗೆ ಬರೆದುಕೊಂಡರೂ ಕಾನೂನಿನ ತಕರಾರಿಲ್ಲ. ನಮ್ಮವರು ಮಾತ್ರ ಮಡಿ ಬಟ್ಟೆ ಒಣಗಿಸಿದ ಹಾಗೆ ಒಂದು ತಿಂಗಳಷ್ಟು ದೂರವೇ ಇರುತ್ತಾರೆ.

ನಮ್ಮ ಬೀದಿಯ ರಾಯರನ್ನೇ ನೋಡಿ. ಮೂವತ್ತು ನಲವತ್ತರ ಸೈಟು. ಕೆಳಗೆ ತಾವು, ಮೇಲೆ ಬಾಡಿಗೆ. ನೀರಿನ ಮೋಟರಿನ ಸ್ವಿಚ್ಚು ಕೆಳಗೆ, ಅಂದರೆ ಸಾರ್ವಭೌಮತ್ವವೂ ಕೆಳಗೇ. ಇಷ್ಟಾದರೂ ಮೇಲಿನ ಮನೆಯವರು ಹೊಸ ಫ್ರಿಜ್ಜು ತಂದ ದಿನ ರಾಯರಿಗೆ ನಿದ್ದೆಯಿಲ್ಲ. “ಬೇರು ಬಿಡ್ತಿದಾರೆ ಕಣ್ರೀ” ಎನ್ನುತ್ತಾರೆ.

ಈ ಭಯಕ್ಕೆ ಊರಿನ ಕಡೆಯ ಮೂಲವಿದೆ. ದೇವರಾಜ ಅರಸರ ಕಾಲದಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿಯಾಗಿ, 1974ರ ಮಾರ್ಚ್ 1ರಿಂದ ಗೇಣಿ ಜಮೀನು ಸರ್ಕಾರದ ವಶವಾಯಿತು. ಗೇಣಿದಾರರು ಡಿಕ್ಲರೇಶನ್ ಹಾಕಿದರು, ಭೂನ್ಯಾಯ ಮಂಡಳಿಗಳು ಕೂತವು, ಉಳುವವನೇ ಹೊಲದೊಡೆಯನಾದ. ಬೆವರು ಸುರಿಸಿದವನಿಗೆ ನೆಲ ಸಿಕ್ಕಿದ್ದು ನ್ಯಾಯವೇ ಎಂದು ನಾನು ನಂಬಿದವನು. ಗದ್ದೆ ಕಳೆದುಕೊಂಡ ಮನೆತನದ ರಾಯರೆದುರು ಅದನ್ನು ಗಟ್ಟಿಯಾಗಿ ಹೇಳುವುದಿಲ್ಲ, ಅವರ ಮನೆಯ ಕಾಫಿ ಚೆನ್ನಾಗಿರುತ್ತದೆ. ಊರಲ್ಲಿ ಉಳುವವನೇ ಒಡೆಯನಾದರೆ ಪೇಟೆಯಲ್ಲಿ ಇರುವವನೇ ಯಾಕಾಗಬಾರದು ಎಂಬುದು ಅವರ ಅಳುಕು. ಜೊತೆಗೆ, ಹನ್ನೆರಡು ವರ್ಷ ಕೂತವನಿಗೇ ಮನೆ ಎಂದು ಯಾರೋ ಕಟ್ಟೆಯ ಮೇಲೆ ಹೇಳಿದ್ದಾರೆ. ಹನ್ನೆರಡು ವರ್ಷದ ಮಾತು ನಿಜ, ಆದರೆ ಅದು ಮಾಲೀಕನ ಹಕ್ಕನ್ನೇ ಅಲ್ಲಗಳೆದು ಕೂತವನಿಗೆ. ಒಪ್ಪಿಗೆ ಪಡೆದು, ತಿಂಗಳು ತಿಂಗಳು ಬಾಡಿಗೆ ಕೊಡುತ್ತ ಇರುವವನು ಎಷ್ಟು ವರ್ಷ ಇದ್ದರೂ ಬಾಡಿಗೆದಾರನೇ.

ಇನ್ನು ರೆಂಟ್ ಕಂಟ್ರೋಲ್. 1961ರ ಕಾಯ್ದೆಯ ಕಾಲದಲ್ಲಿ ಮನೆ ಬಿಡಿಸಲು ಹೋದವರು ಕೋರ್ಟಿನ ಕಾರಿಡಾರಿನಲ್ಲೇ ಮುದುಕರಾದ ಕತೆಗಳು ಸುಳ್ಳಲ್ಲ. ಆಮೇಲೆ ಬಂದ 1999ರ ಬಾಡಿಗೆ ಕಾಯ್ದೆ, ಬೆಂಗಳೂರಿನಂಥ ಊರಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ದಾಟಿದ ಮನೆಗಳ ತಂಟೆಗೇ ಹೋಗುವುದಿಲ್ಲ. ಆ ದುಡ್ಡಿಗೆ ಇವತ್ತು ಸ್ಕೂಟರ್ ನಿಲ್ಲಿಸಲು ಜಾಗ ಸಿಕ್ಕರೆ ಹೆಚ್ಚು. ರಾಯರ ಮನೆ 1882ರ ಸ್ವತ್ತು ವರ್ಗಾವಣೆ ಕಾಯ್ದೆಗೆ ಸೇರಿದ್ದು. ಬೇರೆ ಕರಾರಿಲ್ಲದ ತಿಂಗಳ ಬಾಡಿಗೆಯಾದರೆ ಹದಿನೈದು ದಿನದ ನೋಟಿಸು ಕೊಟ್ಟು ದಾವಾ ಹೂಡಬಹುದು. ನೋಟಿಸಿಗೆ ಹದಿನೈದು ದಿನ. ದಾವಾಕ್ಕೆ ಎಷ್ಟು ಎಂದು ಯಾವ ವಕೀಲರೂ ಹೇಳುವುದಿಲ್ಲ.

ಮಾಲೀಕರು ಕಾಲು ಜಾರುವುದೇ ಇಲ್ಲಿ. ಸಿಟ್ಟಿನಲ್ಲಿ ಮೋಟರಿನ ಸ್ವಿಚ್ಚು ಆರಿಸುತ್ತಾರೆ, ಬೀಗ ಬದಲಿಸುತ್ತಾರೆ. ಹೀಗೆ ಹೊರಬಿದ್ದ ಬಾಡಿಗೆದಾರ ಆರು ತಿಂಗಳೊಳಗೆ ದಾವಾ ಹಾಕಿದರೆ, ಮನೆ ಯಾರದ್ದೆಂದು ಕೇಳದೆಯೇ ಸ್ವಾಧೀನ ವಾಪಸು ಕೊಡಿಸುವ ಅಧಿಕಾರ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯಡಿ ಕೋರ್ಟಿಗಿದೆ. ಮಾಲೀಕರು ಭದ್ರವಾಗಿಟ್ಟ ಕರಾರುಪತ್ರ ಆಗ ಹೊರಬರುತ್ತದೆ. ಛಾಪಾ ಕಾಗದದ ಶುಲ್ಕ ಕಡಿಮೆ ಬಿದ್ದಿದ್ದರೆ, ಅದನ್ನು ಸಾಕ್ಷ್ಯವಾಗಿ ನೋಡುವ ಮೊದಲು ಕೊರತೆಯ ಹತ್ತು ಪಟ್ಟು ದಂಡ ಕಟ್ಟಿ ಎನ್ನುತ್ತದೆ ಕರ್ನಾಟಕದ ಸ್ಟಾಂಪು ಕಾಯ್ದೆ. ಅಡ್ವಾನ್ಸು ಹತ್ತು ತಿಂಗಳದ್ದು, ದಂಡವೂ ಹತ್ತು ಪಟ್ಟು. ಈ ಹತ್ತರ ಮೇಲಿನ ಮೋಹ ಎಲ್ಲಿಂದ ಬಂತೋ.

ಮನೆ ಬಾಡಿಗೆಗೆ ಕೊಡಲು ಇಷ್ಟು ಹೆದರುವ ರಾಯರು ಸೈಟು ಕೊಳ್ಳುವಾಗ ಕೆಚ್ಚೆದೆಯ ವೀರರು. ಬ್ರಹ್ಮಚಾರಿ ಹುಡುಗರಿಗೆ ಮನೆ ಕೊಡಲು ಆಧಾರ್, ಆಫೀಸಿನ ಐಡಿ, ಅಪ್ಪನ ಫೋನ್ ನಂಬರು, ಕೋಳಿ ತಿನ್ನುತ್ತಾರೋ ಇಲ್ಲವೋ ಎಂಬ ವಿವರ ಎಲ್ಲ ಬೇಕು. ಊರಾಚೆ ಭೂಪರಿವರ್ತನೆಯಾಗದ ಹೊಲದಲ್ಲಿ ಕಲ್ಲು ನೆಟ್ಟು ತೋರಿಸಿದ ರೆವಿನ್ಯೂ ಸೈಟಿಗೆ ಮಾತ್ರ ಬ್ರೋಕರಿನ ಬಿಳಿ ಷರ್ಟೇ ಸಾಕಾಯಿತು. ಜಿಪಿಎ ಬರೆಸಿಕೊಂಡು ದುಡ್ಡು ಎಣಿಸಿ ಬಂದರು. ಜಿಪಿಎ ಹಿಡಿದ ಮಾತ್ರಕ್ಕೆ ಮಾಲೀಕತ್ವ ಬರುವುದಿಲ್ಲ, ನೋಂದಾಯಿತ ಕ್ರಯಪತ್ರವೇ ಬೇಕೆಂದು ಸುಪ್ರೀಂ ಕೋರ್ಟು 2011ರಲ್ಲಿ ಖಡಾಖಂಡಿತವಾಗಿ ಹೇಳಿಯಾಗಿದೆ. ಬರೆದುಕೊಟ್ಟಾತ ತೀರಿಕೊಂಡರೆ ಸಾಮಾನ್ಯವಾಗಿ ಜಿಪಿಎಯ ಅಧಿಕಾರವೂ ಅವನೊಂದಿಗೇ ತೀರಿಕೊಳ್ಳುತ್ತದೆ.

ಮೂಲಪತ್ರ, ಇ.ಸಿ., ಪಹಣಿ, ವಂಶವೃಕ್ಷ ಎಲ್ಲ ನೋಡಿದಿರಾ ಎಂದೆ. “ವಂಶವೃಕ್ಷ ಏಕೆ? ನಾನೇನು ಸಂಬಂಧ ಬೆಳೆಸ್ತೀನಾ?” ಎಂದರು. ಮಾರಿದವನಿಗೆ ಇಬ್ಬರು ಅಕ್ಕಂದಿರಿದ್ದರು. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಹಕ್ಕೆಂದು ದೇಶದ ಕಾನೂನು 2005ರಲ್ಲಿ ಒಪ್ಪಿತು. ಕರ್ನಾಟಕ ಮದುವೆಯಾಗದ ಹೆಣ್ಣುಮಕ್ಕಳ ಮಟ್ಟಿಗೆ ಅದಕ್ಕೂ ಮೊದಲೇ, 1994ರಲ್ಲಿ. ಅಕ್ಕಂದಿರ ಸಹಿಯಿಲ್ಲದ ಪತ್ರ ಹಿಡಿದ ರಾಯರು ಈಗ ಪತ್ರಿಕೆ ಬಂದೊಡನೆ ಮೊದಲು ಓದುವುದು ವಕೀಲರ ಸಾರ್ವಜನಿಕ ಪ್ರಕಟಣೆಗಳನ್ನು. ತಮ್ಮ ಸರ್ವೆ ನಂಬರು ಕಾಣದಿದ್ದರೆ ಮಾತ್ರ ತಿಂಡಿ ಒಳಗಿಳಿಯುತ್ತದೆ.

ಕಾವಲಿಗೆಂದು ಸೈಟಿನಲ್ಲೊಂದು ಬೋರ್ಡು ನೆಡಿಸಿದ್ದಾರೆ: ‘ಈ ಸೈಟು ಮಾರಾಟಕ್ಕಿಲ್ಲ’, ಕೆಳಗೆ ದಪ್ಪಕ್ಷರದಲ್ಲಿ ಫೋನ್ ನಂಬರು. ಅಂದಿನಿಂದ ಬ್ರೋಕರುಗಳ ಫೋನು ನಿಂತಿಲ್ಲ. “ಸಾರ್, ಎಷ್ಟಕ್ಕೆ ಕೊಡ್ತೀರಾ?” ಬೋರ್ಡು ಓದಲಿಲ್ಲವೇನಪ್ಪ ಎಂದು ರಾಯರು ಗದರುತ್ತಾರೆ. ಆಮೇಲೆ ದನಿ ತಗ್ಗಿಸಿ, “ಇರಲಿ, ಆ ಕಡೆ ಈಗ ಅಡಿಗೆ ಏನು ರೇಟು ನಡೀತಿದೆ?” ಎಂದು ವಿಚಾರಿಸುತ್ತಾರೆ.