ಪಬ್‌ಮೆಡ್ ಮಾಸ್ತರ್ರು

ಗಡಹಿಂಗ್ಲಜದ ಚಹಾದಂಗಡಿಯಲ್ಲಿ ಯಾರಾದರೂ ಕೆಮ್ಮಿದರೆ ಹುಡುಗ ನೀರು ತರಲು ಓಡುತ್ತಾನೆ, ನಮ್ಮ ಮಾಸ್ತರ್ರು ಚಷ್ಮಾ ಮೂಗಿನ ತುದಿಗಿಳಿಸಿ ಮೊಬೈಲ್ ತೆಗೆಯುತ್ತಾರೆ. "ಒಣಾ ಕೆಮ್ಮೋ, ಕಫದ್ದೋ? ಲಗೂನ ಹೇಳ್ರಿ, ಟೈಪ್ ಮಾಡಬೇಕು."

ಹೈಸ್ಕೂಲಿನಲ್ಲಿ ಸಾಯನ್ಸ್ ಕಲಿಸಿ ರಿಟಾಯರ್ ಆದವರು. ಗೂಗಲ್ ಅಂದರೆ ಮುಖ ಸಿಂಡರಿಸುತ್ತಾರೆ. ಅವರದೇನಿದ್ದರೂ ಪಬ್‌ಮೆಡ್. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ 1996ರಲ್ಲಿ ಶುರುಮಾಡಿದ ಭಂಡಾರ ಅದು. ಈಗ ಅಲ್ಲಿ 3.5 ಕೋಟಿಗೂ ಹೆಚ್ಚು ಲೇಖನಗಳ ವಿವರ ಸಿಗುತ್ತದೆ. 1997ರ ಜೂನಿನಲ್ಲಿ ಅದನ್ನು ಜಗತ್ತಿಗೆಲ್ಲ ಪುಕ್ಕಟೆ ಮಾಡಿದಾಗ ಉಪಾಧ್ಯಕ್ಷ ಅಲ್ ಗೋರ್ ಬಂದಿದ್ದರೆಂಬುದನ್ನು ಮಾಸ್ತರ್ರು ತಮ್ಮ ಮದುವೆಯ ಸುದ್ದಿಗಿಂತ ಹೆಚ್ಚು ಸಲ ಹೇಳಿದ್ದಾರೆ.

ಪುಕ್ಕಟೆ ಅಂದರೂ ಪೂರ್ತಿ ಅಲ್ಲ. ಸಾರಾಂಶ ಓದಬಹುದು, ಒಳಗಿನ ಲೇಖನಕ್ಕೆ ಬಹಳ ಕಡೆ ಡಾಲರ್ ಎಣಿಸಬೇಕು. ಮಾಸ್ತರ್ರ ಕಿಸೆಯಿಂದ ಇವತ್ತಿನವರೆಗೆ ಒಂದು ಡಾಲರೂ ಹೊರಬಿದ್ದಿಲ್ಲ. ಮದುವೆಮನೆಯ ಬಾಗಿಲಲ್ಲಿ ಒಗ್ಗರಣೆ ಮೂಸಿ ಊಟದ ರುಚಿ ಹೇಳುವವರ ಹಾಗೆ, ಸಾರಾಂಶದ ಕಡೇ ಎರಡು ಸಾಲಿನ ಮೇಲೆ ಗಂಟೆಗಟ್ಟಲೆ ಮಾತಾಡುತ್ತಾರೆ.

ಅಲ್ಲಿ ಪ್ರತಿ ಲೇಖನಕ್ಕೂ ಒಂದು ನಂಬರ್ ಉಂಟು, ಈಚಿನವಕ್ಕೆ ಎಂಟಂಕಿಯದು. ಮಾಸ್ತರ್ರು ಅದನ್ನು ಚೀಟಿಯಲ್ಲಿ ಬರೆದು ಮಂಡಿನೋವಿನವರ ಕೈಗೆ ತುರುಕುತ್ತಾರೆ. ಹಾಗೆ ಚೀಟಿ ಇಸಿದುಕೊಂಡ ಒಬ್ಬ ಅಜ್ಜ ಮರುದಿನ ಬಂದ: "ಮಾಸ್ತರ್ರ, ಫೋನ್ ಹತ್ತವಲ್ದು. ಎರಡ ಅಂಕಿ ಕಮ್ಮಿ ಬರದೀರಿ ನೋಡ್ರಿ."

ಮಾಸ್ತರ್ರ ಅಳಿಯ ಇಚಲಕರಂಜಿಯವ, ಮಗ್ಗದ ಕಾರಖಾನೆಯಲ್ಲಿ ಕೆಲಸ. ಅವನ ಕೆಮ್ಮು ಫೋನಿನಲ್ಲಿ ಕೇಳಿಸಿತು. ಬರೀ ಕೆಮ್ಮು ಅಂತ ಹಾಕಿದರೆ ಸಾವಿರಗಟ್ಟಲೆ ಲೇಖನ. ಎರಡೂ ಪದ ಇರುವ ಲೇಖನವಷ್ಟೇ ಬರಲೆಂದು 'ಆಂಡ್' ಸೇರಿಸಿ ಹತ್ತಿಯ ಧೂಳು ಹಾಕಿದರು, ಬಿಸಿನೋಸಿಸ್ ಸಿಕ್ಕಿತು. ಹತ್ತಿಯ ಧೂಳಿನಿಂದ ಶ್ವಾಸನಾಳ ಬಿಗಿಯುವ ರೋಗ. ವಾರದ ಸೂಟಿ ಮುಗಿಸಿ ಕೆಲಸಕ್ಕೆ ಹೋದ ಮೊದಲ ದಿನವೇ ಎದೆ ಹೆಚ್ಚು ಬಿಗಿಯುತ್ತದೆ. ರೋಗ ಖರೆ, ಲೇಖನವೂ ಖರೆ. ಮಾಸ್ತರ್ರು ಅಳಿಯನನ್ನು ಎಳೆದುಕೊಂಡು ಕೊಲ್ಲಾಪುರದ ಡಾಕ್ಟರ ಮುಂದೆ ಕುಳಿತು ಮರಾಠಿಯಲ್ಲಿ ಭಾಷಣ ಬಿಗಿದರು. ಡಾಕ್ಟರು ಅಳಿಯನನ್ನು ಎರಡೇ ಪ್ರಶ್ನೆ ಕೇಳಿದರು. ಅವನು ಆಫೀಸಿನ ಖೋಲಿಯಲ್ಲಿ ಲೆಕ್ಕ ಬರೆಯುವವ, ಮಗ್ಗದ ಶೆಡ್ಡಿಗೆ ಕಾಲಿಡುವವನೇ ಅಲ್ಲ. ದಿನಕ್ಕೆ ಒಂದು ಕಟ್ಟು ಬೀಡಿ. ಈ ಎರಡನ್ನೂ ಮಾಸ್ತರ್ರು ಅವನನ್ನು ಕೇಳಿರಲಿಲ್ಲ. ಪಬ್‌ಮೆಡ್ಡನ್ನು ಮಾತ್ರ ಕೇಳಿದ್ದರು.

ಹಾಗಂತ ಅವರನ್ನು ದಡ್ಡರೆನ್ನಬೇಡಿ. ತಮ್ಮ ನಾಲಿಗೆಯ ವಿಷಯ ಬಂದಾಗ ಅವರ ಹುಡುಕಾಟ ಬಲು ಚುರುಕು. ಪಿತ್ತದ ತ್ರಾಸು, ಖಾರ ಬಿಡಿ ಎಂದರು ಡಾಕ್ಟರು. ಆ ರಾತ್ರಿ ಮಾಸ್ತರ್ರು ಮಲಗಲಿಲ್ಲ. ಬೆಳಗಿನ ಜಾವಕ್ಕೆ ಬೇಕಾದ್ದು ಸಿಕ್ಕಿತು: 2015ರ ಬಿಎಂಜೆ ಪತ್ರಿಕೆ, ಚೀನಾದ 4,87,375 ಜನ. ಹೆಚ್ಚು ಕಮ್ಮಿ ದಿನಾಲೂ ಖಾರ ತಿಂದವರಲ್ಲಿ ಸಾವಿನ ಅಪಾಯ, ವಾರಕ್ಕೊಮ್ಮೆಯೂ ತಿನ್ನದವರಿಗಿಂತ ಶೇ. 14 ಕಡಿಮೆ. ಇದು ಬರೀ ನಂಟು, ಖಾರವೇ ಕಾರಣ ಅಂತ ಇದರಿಂದ ಹೇಳಲಾಗದು ಎಂದು ಸಂಶೋಧಕರೇ ಬರೆದಿದ್ದಾರೆ. ಊರವರ ರೋಗಕ್ಕೆಲ್ಲ 'ಆಂಡ್' ಹಚ್ಚುವ ಮಾಸ್ತರ್ರು ಈ ಒಂದು ಮಾತಿಗೆ ಮಾತ್ರ, ಬೇಡದ್ದನ್ನು ಹೊರಗಿಡುವ 'ನಾಟ್' ಹಚ್ಚಿ ಮುಂದೆ ಸಾಗಿದರು.

ಆ ರವಿವಾರ ಸಂಕೇಶ್ವರದ ಮೆಣಸಿನಕಾಯಿ ಅರೆಸಿ ತಾಂಬಡಾ ರಸ್ಸಾ ಮಾಡಿಸಿ ಮೂರು ವಾಟಿ ಸುರಿದುಕೊಂಡರು. ರಾತ್ರಿ ಹನ್ನೊಂದಕ್ಕೆ ಎದೆ ಹಿಡಿದು ಕುಳಿತರು.

"ಪಿತ್ತದ ಔಷಧ ಎಲ್ಲೈತಿ?"

"ಔಷಧ ಯಾಕ್ರಿ?" ಅಂದರು ಅವರ ಹೆಂಡತಿ, ಮಗ್ಗಲು ಬದಲಿಸುತ್ತ. "ಐದ ಲಕ್ಷ ಮಂದಿ ಅರಾಮ ಅದಾರಂತಲ್ಲ, ಅವರನ್ನ ಕೇಳ್ರಿ."