ದೊಂಬಿಯ ಭಾಷ್ಯಕಾರರು

ಇಂಗ್ಲೆಂಡಿನ ಯಾವ ಊರಿನ ಯಾವ ಪಬ್ಬಿಗೆ ಹೋದರೂ ಟಿ.ವಿ.ಗೆ ನೇರ ಎದುರಿನ ಮೇಜು ಒಬ್ಬರಿಗೆ ಸೇರಿರುತ್ತದೆ. ಅಲ್ಲಿ ಹೆಸರು ಬರೆದಿರುವುದಿಲ್ಲ, ಆದರೂ ಬೇರೆ ಯಾರೂ ಕೂರುವುದಿಲ್ಲ. ಗೊತ್ತಿಲ್ಲದೆ ಕೂತ ನನ್ನಂಥ ಪರದೇಶಿ, ಸುತ್ತಲಿನ ಮುಖಗಳನ್ನು ನೋಡಿ ತಾನಾಗಿಯೇ ಎದ್ದುಬಿಡುತ್ತಾನೆ. ಆಮೇಲೆ ಅವರು ಬರುತ್ತಾರೆ. ವಯಸ್ಸು ಐವತ್ತರ ಮೇಲೆ. ಮೈಮೇಲೆ ಇಂಗ್ಲೆಂಡ್ ಫುಟ್‌ಬಾಲ್ ತಂಡದ ಮೂರು ಸಿಂಹಗಳ ಬಿಳಿ ಜೆರ್ಸಿ. ಅದನ್ನು ಕೊಂಡಾಗ ಸಿಂಹಗಳು ಸಣಕಲಾಗಿದ್ದಿರಬೇಕು. ಈಗ ಯಜಮಾನರ ಜೊತೆಗೆ ಅವೂ ಮೈತುಂಬಿಕೊಂಡಿವೆ.

ಯಜಮಾನ್ರು ಅಂತಲೇ ಕರೆಯುತ್ತೇನೆ. ಅಲ್ಲಿದ್ದಷ್ಟು ವರ್ಷವೂ ನಾನು ಊರು ಬದಲಾಯಿಸಿದೆ, ಪಬ್ಬು ಬದಲಾಯಿಸಿದೆ, ಇವರು ಮಾತ್ರ ಬದಲಾಗಲಿಲ್ಲ. ಹೋದಲ್ಲೆಲ್ಲ ಅದೇ ಮೇಜಿನಲ್ಲಿ ಅದೇ ಮಂಡಿನೋವಿನ ಜೊತೆ ಕೂತಿರುತ್ತಿದ್ದರು. ಉಳಿದ ದಿನಗಳಲ್ಲಿ ಯಾರದೋ ಮನೆಯ ನಲ್ಲಿ ರಿಪೇರಿ ಮಾಡಿಕೊಂಡು ತಣ್ಣಗಿರುವ ಈ ಜೀವ, ಎರಡು ವರ್ಷಕ್ಕೊಮ್ಮೆ ಜೂನ್ ತಿಂಗಳಲ್ಲಿ, ಒಮ್ಮೆ ವಿಶ್ವಕಪ್ಪಿಗೆ, ಇನ್ನೊಮ್ಮೆ ಯೂರೋ ಕಪ್ಪಿಗೆ, ಚಿಗುರಿ ನಿಲ್ಲುತ್ತದೆ. ನಾನು ಇವರನ್ನು ಪೂರ್ಣಾವತಾರದಲ್ಲಿ ಕಂಡದ್ದು 2016ರ ಯೂರೋ ಕಪ್ಪಿನಲ್ಲಿ. ಟೂರ್ನಿ ನಡೆದದ್ದು ಫ್ರಾನ್ಸಿನಲ್ಲಿ, ಭಾಷ್ಯ ಬರೆದದ್ದು ಈ ಮೇಜಿನ ಮೇಲೆ.

ಶುರುವಾಗುವ ಮೊದಲೇ ಅವರಿಗೆ ಟೂರ್ನಿಯ ಮೇಲೆ ಸಿಟ್ಟು. ಅಲ್ಲಿಯವರೆಗೆ 16 ತಂಡ ಆಡುತ್ತಿದ್ದದ್ದನ್ನು ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ ಆ ಸಲ 24ಕ್ಕೆ ಏರಿಸಿತ್ತು. ಗುಂಪು ಹಂತದಲ್ಲಿ 36 ಪಂದ್ಯ. ಅಷ್ಟೆಲ್ಲ ಆಡಿಸಿ ಮನೆಗೆ ಕಳಿಸುವುದು ಬರೀ ಎಂಟು ತಂಡಗಳನ್ನು. "ಮೂವತ್ತಾರು ಮ್ಯಾಚು, ಎಂಟು ಜನಕ್ಕೆ ಟಾಟಾ! ಮೂರನೇ ಸ್ಥಾನಕ್ಕೆ ಬಂದೋರೂ ಪಾಸಂತೆ. ಇದೇನು ಕಪ್ಪೋ, ಧರ್ಮಛತ್ರನೋ?" ಎಂದು ಗುಡುಗಿದರು. ಗುಡುಗುತ್ತಲೇ ಮೂವತ್ತಾರರಲ್ಲಿ ಒಂದನ್ನೂ ಬಿಡದೆ ನೋಡಿದರು ಎನ್ನುವುದು ಬೇರೆ ಮಾತು.

ಮೊದಲ ಪಂದ್ಯದಲ್ಲಿ ಫ್ರಾನ್ಸಿನ ದಿಮಿತ್ರಿ ಪಾಯೆ 89ನೇ ನಿಮಿಷದಲ್ಲಿ ದೂರದಿಂದ ಬಾರಿಸಿದ ಗೋಲು ರೊಮೇನಿಯವನ್ನು ಮುಗಿಸಿತು. ಪಬ್ಬೇ ಎದ್ದು ಚಪ್ಪಾಳೆ ತಟ್ಟಿತು. ಯಜಮಾನ್ರು ಒಂದು ಗುಟುಕು ಹೀರಿ, "ವೆಸ್ಟ್ ಹ್ಯಾಮ್ ಹುಡುಗ, ನಮ್ಮಲ್ಲಿ ಆಡಿ ಕಲಿತದ್ದು" ಎಂದರು. ಮರುದಿನ ವೇಲ್ಸಿನ ಗ್ಯಾರೆತ್ ಬೇಲ್ ಸ್ಲೊವಾಕಿಯದ ಮೇಲೆ ಫ್ರೀಕಿಕ್ ಬಾರಿಸಿದ. "ಟಾಟನ್‌ಹ್ಯಾಮ್‌ನಲ್ಲಿದ್ದವನು." ಅದರ ಮರುದಿನ ಕ್ರೊವೇಷಿಯದ ಲೂಕಾ ಮೊಡ್ರಿಚ್ ಟರ್ಕಿಯ ಮೇಲೆ, ಆಕಾಶದಿಂದ ಇಳಿಯುತ್ತಿದ್ದ ಚೆಂಡನ್ನು ನೆಲ ಮುಟ್ಟುವ ಮೊದಲೇ ಒದ್ದು ಗೋಲಾಗಿಸಿದ. "ಅವನೂ ಟಾಟನ್‌ಹ್ಯಾಮ್." ಹೀಗೆ ಇಡೀ ಯುರೋಪು ಇಂಗ್ಲೆಂಡಿನ ಉಪ್ಪು ತಿಂದು ಗೋಲು ಹೊಡೆಯುತ್ತಿತ್ತು. ಇಂಗ್ಲೆಂಡ್ ತಂಡಕ್ಕೆ ಮೊದಲ ಗೋಲು ಹೊಡೆದ ಎರಿಕ್ ಡಯರ್ ಮಾತ್ರ ಬೆಳೆದದ್ದು ಪೋರ್ಚುಗಲ್ಲಿನಲ್ಲಿ, ಆಟ ಕಲಿತದ್ದು ಲಿಸ್ಬನ್ನಿನ ಸ್ಪೋರ್ಟಿಂಗ್ ಕ್ಲಬ್ಬಿನಲ್ಲಿ. ಇದನ್ನು ಹೇಳಿದ ಹುಡುಗನೊಬ್ಬನಿಗೆ ಆ ಸಂಜೆಯೆಲ್ಲ ಆ ಮೇಜಿನ ಕಡಲೆಕಾಯಿ ಸಿಗಲಿಲ್ಲ.

ಎರಡು ತಂಡದ ಬಣ್ಣಗಳನ್ನು ಅರ್ಧರ್ಧ ಹೊಲಿದ ಶಾಲು ಹಾಕಿಕೊಂಡವರನ್ನು ಕಂಡರೆ ಇವರಿಗೆ ಮೈ ಉರಿಯುತ್ತದೆ. ಅಂಥವನು ಅಭಿಮಾನಿಯಲ್ಲ, ಪ್ರವಾಸಿ. ಆದರೆ ಅಲ್ಬೇನಿಯ ಮತ್ತು ಸ್ವಿಟ್ಜರ್‌ಲ್ಯಾಂಡ್ ಪಂದ್ಯದಲ್ಲಿ ಅಣ್ಣ ಟೌಲಂಟ್ ಜಾಕಾ ಒಂದು ಕಡೆ, ತಮ್ಮ ಗ್ರಾನಿಟ್ ಜಾಕಾ ಇನ್ನೊಂದು ಕಡೆ ಆಡಿದಾಗ, ತಾಯಿ ಎರಡೂ ದೇಶಗಳ ಅಂಗಿಯನ್ನು ಅರ್ಧರ್ಧ ಕೂಡಿಸಿ ತೊಟ್ಟು ಬಂದಿದ್ದಳು. ಯಜಮಾನ್ರು ಬಹಳ ಹೊತ್ತು ಯೋಚಿಸಿ, "ಹೆತ್ತಮ್ಮನಿಗೆ ರಿಯಾಯಿತಿ ಇದೆ" ಎಂದು ತೀರ್ಪು ಕೊಟ್ಟರು.

ಇಷ್ಟೆಲ್ಲ ಪೀಠಿಕೆ. ಭಾಷ್ಯ ಶುರುವಾದದ್ದು ಜೂನ್ 11ರಂದು, ಬಂದರು ನಗರ ಮಾರ್ಸೇಯಿಂದ.

ಅಂದು ಅಲ್ಲಿ ಎರಡು ಘಟನೆ ನಡೆದವು. ಒಂದು, ವೆಲೋಡ್ರೋಮ್ ಕ್ರೀಡಾಂಗಣದಲ್ಲಿ ಇಂಗ್ಲೆಂಡ್ ಮತ್ತು ರಷ್ಯ ಪಂದ್ಯ: 73ನೇ ನಿಮಿಷದಲ್ಲಿ ಡಯರ್ ಫ್ರೀಕಿಕ್, ಇಂಜುರಿ ಟೈಮಿನಲ್ಲಿ ವಾಸಿಲಿ ಬೆರೆಜುಟ್ಸ್ಕಿ ಹೆಡ್ಡರ್, 1-1. ಇನ್ನೊಂದು, ಹಳೇ ಬಂದರಿನ ಸುತ್ತಮುತ್ತ ಮೂರು ದಿನದಿಂದ ಹೊಗೆಯಾಡುತ್ತಿದ್ದ ಬಡಿದಾಟ. ಕುರ್ಚಿ, ಬಾಟಲಿ, ಅಶ್ರುವಾಯು. ಸೀಟಿ ಊದಿದ ಮೇಲೆ ರಷ್ಯದ ಒಂದು ಗುಂಪು ಕ್ರೀಡಾಂಗಣದ ಒಳಗೇ ನುಗ್ಗಿತು, ಇಂಗ್ಲಿಷರು ಗೋಡೆ ಹಾರಿ ಓಡಿದರು. ಒಟ್ಟು 35 ಮಂದಿಗೆ ಗಾಯ, ಕೆಲವರ ಸ್ಥಿತಿ ಗಂಭೀರ.

ಈ ಎರಡರಲ್ಲಿ ಯಾವುದು ಅಪರಾಧ, ಯಾವುದು ಆಟ ಎಂದು ನನ್ನನ್ನು ಕೇಳಿದ್ದರೆ ತಡವರಿಸದೆ ಹೇಳುತ್ತಿದ್ದೆ. ಯಜಮಾನರ ಲೆಕ್ಕ ಬೇರೆ.

ಅಪರಾಧ ನಡೆದದ್ದು ಕ್ರೀಡಾಂಗಣದ ಒಳಗೆ, ಅಪರಾಧಿ ಕೋಚ್ ರಾಯ್ ಹಾಡ್ಜ್‌ಸನ್. ಆ ವರ್ಷದ ಪ್ರೀಮಿಯರ್ ಲೀಗಿನಲ್ಲಿ 25 ಗೋಲು ಹೊಡೆದು ಎಲ್ಲರಿಗಿಂತ ಮುಂದಿದ್ದ, ಆರಡಿ ಮೀರಿದ ಹ್ಯಾರಿ ಕೇನ್‌ನನ್ನು ಗೋಲಿನ ಮುಂದೆ ನಿಲ್ಲಿಸುವುದು ಬಿಟ್ಟು ಮೂಲೆಗೆ ಕಳಿಸಿ ಅವನ ಕೈಯಲ್ಲೇ ಕಾರ್ನರ್ ಹೊಡೆಸಿದ್ದ. "ಮದುವೆ ಗಂಡನ್ನ ಊಟ ಬಡಿಸೋಕೆ ನಿಲ್ಲಿಸಿದ ಹಾಗಾಯ್ತು!" ಕಣ್ಣಲ್ಲಿ ನೀರಿತ್ತೋ ಬಿಯರಿತ್ತೋ ಹೇಳಲಾರೆ. ಯಾರು ನೋಡಿದರು, ಎಷ್ಟು ಹೊತ್ತಿನಲ್ಲಿ, ಯಾರ ಆದೇಶದ ಮೇಲೆ ಎಂದು ಪಾಟೀಸವಾಲು ನಡೆಯಿತು. ಆ ಕಾರ್ನರ್‌ಗಳಿಗೆ ಶಿಕ್ಷೆ ಕೊಡುವ ಸೆಕ್ಷನ್ ಯಾವುದೂ ಇಲ್ಲವಲ್ಲ ಎಂಬುದೇ ಅವರ ಕೊರಗು.

ಬಂದರಿನ ಬಡಿದಾಟದ ವಿಷಯ ಬಂದಕೂಡಲೇ ದನಿ ಬದಲಾಯಿತು. ಈಗ ಅವರು ತಜ್ಞರು. ವಿನಿಗರ್ ಬಾಟಲಿ ಎಳೆದುಕೊಂಡರು: ಇದು ಬಂದರು. ಕಡಲೆಕಾಯಿಗಳು ಇಂಗ್ಲಿಷರು, ಸಹಜವಾಗಿಯೇ ಚೆಲ್ಲಾಪಿಲ್ಲಿ. ಬೆಂಕಿಕಡ್ಡಿಗಳು ರಷ್ಯನ್ನರು, ಸಾಲಾಗಿ. ಉಪ್ಪಿನ ಡಬ್ಬಿ ಫ್ರೆಂಚ್ ಪೊಲೀಸ್.

"ನೋಡಪ್ಪ, ಎಡಗಡೆಯಿಂದ ನುಗ್ಗಿದ್ರು. ಎಷ್ಟು ಜನ? ನೂರೈವತ್ತು. ಮಾರ್ಸೇ ಪ್ರಾಸಿಕ್ಯೂಟರೇ ಹೇಳಿದಾನೆ, ತರಬೇತಿ ಆದೋರು ಅಂತ. ಎರಡು ನಿಮಿಷ ಹೊಡೀತಾರೆ, ಮಾಯ ಆಗ್ತಾರೆ. ನಮ್ಮೋರಲ್ಲಿ ಒಬ್ಬನಾದ್ರೂ ಹಿಂದೆ ಕಾವಲಿಗೆ ಇದ್ನಾ? ಇಲ್ಲ. ಎಲ್ಲರೂ ಮುಂದೆ ನಿಂತು ಹಾಡು ಹೇಳ್ತಾ ಇದ್ರು."

"ಪೊಲೀಸರು?"

"ಉಪ್ಪಿನ ಡಬ್ಬಿ ತಡವಾಗಿ ಬಂತು. ಬಂದು ಕಡಲೆಕಾಯಿಗೇ ಹೊಡೀತು."

ಆದರೆ ಯಜಮಾನರನ್ನು ನಿಜಕ್ಕೂ ನೋಯಿಸಿದ್ದು ಏಟಲ್ಲ. ರಷ್ಯನ್ನರು ಹಲ್ಲು ಉಳಿಸಿಕೊಳ್ಳಲು ಬಾಯಿಗೆ ಗಮ್‌ಶೀಲ್ಡ್ ಇಟ್ಟುಕೊಂಡು, ಕೈಗವಸು ತೊಟ್ಟು ಬಂದಿದ್ದರಂತೆ. ಅದಿರಲಿ. ಅವರು ಕುಡಿದಿರಲಿಲ್ಲ!

"ಒಂದು ತೊಟ್ಟೂ ಇಲ್ಲ ಕಣಯ್ಯಾ!" ಎಂದರು. ಪಬ್ಬಿನಲ್ಲಿ ತಲೆಗಳು ಅಲ್ಲಾಡಿದವು. "ಬೆಳಗಿನಿಂದ ಬಿಸಿಲಲ್ಲಿ ಕೂತು ಕುಡಿದು, ಯಾರೋ ಏನೋ ಅಂದ ಅಂತ ಎದ್ದು, ಕಾಲು ತೊಡರಿ, ಕೈಗೆ ಸಿಕ್ಕಿದ ಕುರ್ಚಿ ಎಸೆಯೋದು ಹವ್ಯಾಸ. ಜಿಮ್ಮಿಗೆ ಹೋಗಿ, ನೀರು ಕುಡಿದು, ಟೈಮ್ ನೋಡ್ಕೊಂಡು ಹೊಡೆಯೋದು ಕಸುಬು. ಹವ್ಯಾಸಿಗಳ ಮಧ್ಯೆ ಕಸುಬಿನೋರನ್ನ ಬಿಟ್ರೆ ಅದು ನ್ಯಾಯವಾ?"

ಕ್ರಿಕೆಟ್ಟಿನಲ್ಲಿ ದೊರೆಮಕ್ಕಳಿಗೂ ಸಂಬಳದ ಆಟಗಾರರಿಗೂ 1962ರವರೆಗೆ ಬೇರೆ ಬೇರೆ ಪಟ್ಟಿ ಇಟ್ಟುಕೊಂಡಿದ್ದ ದೇಶ ಅದು. ಹೊಡೆದಾಟಕ್ಕೂ ಅದೇ ಪಟ್ಟಿ ಬೇಕು ಎಂದರೆ ಆಶ್ಚರ್ಯವೇನೂ ಇಲ್ಲ.

ಇವರ ವರದಿಗೆ ಇನ್ನೊಂದು ಗುಣವಿದೆ. ಅದರಲ್ಲಿ ಇಂಗ್ಲಿಷರ ಕೈಯ ಕುರ್ಚಿಗಳು ತಾವಾಗಿ ಹಾರುತ್ತವೆ; ಬೇರೆಯವರ ಕುರ್ಚಿಗಳನ್ನು ಮಾತ್ರ ಯಾರೋ ಎಸೆದಿರುತ್ತಾರೆ. ನಮ್ಮವರು ಓಡಿದರೆ ಅದು ವ್ಯೂಹ ಬದಲಾವಣೆ. ನಮ್ಮವರು ಸಿಕ್ಕಿಬಿದ್ದರೆ ಅವರು "ನಿಜವಾದ ಅಭಿಮಾನಿಗಳೇ ಅಲ್ಲ". ನಾನು ಒಮ್ಮೆ ಮುಗುಳ್ನಕ್ಕದ್ದನ್ನು ಕಂಡು, "ನಗಬೇಡ, ಕಲ್ಕತ್ತಾ, 1996" ಎಂದರು. ಈಡನ್ ಗಾರ್ಡನ್ಸ್, ವಿಶ್ವಕಪ್ ಸೆಮಿಫೈನಲ್, ಭಾರತ ಸೋಲುವುದು ಖಚಿತವಾದಾಗ ಹಾರಿಬಂದ ಬಾಟಲಿಗಳು, ಪಂದ್ಯ ನಿಲ್ಲಿಸಿ ಶ್ರೀಲಂಕಾಕ್ಕೆ ಗೆಲುವು ಕೊಟ್ಟದ್ದು, ಎಲ್ಲ ನೆನಪಾಯಿತು. "ಅವರು ನಿಜವಾದ ಅಭಿಮಾನಿಗಳಲ್ಲ" ಎಂದು ನನ್ನ ಬಾಯಲ್ಲೂ ಬರುವುದರಲ್ಲಿತ್ತು. ಬಾಯಿಗೆ ಕಡಲೆಕಾಯಿ ಹಾಕಿಕೊಂಡೆ.

ಚರಿತ್ರೆಯ ಅಧ್ಯಾಯವಿಲ್ಲದೆ ಭಾಷ್ಯ ಪೂರ್ತಿಯಾಗದು. 1998ರ ವಿಶ್ವಕಪ್ಪಿನಲ್ಲೂ ಇದೇ ಮಾರ್ಸೇ, ಇದೇ ಬಂದರು, ಎದುರಾಳಿ ಟ್ಯುನೀಸಿಯ, ಇದೇ ಅಶ್ರುವಾಯು. ಯಜಮಾನ್ರು ಆಗ ಖುದ್ದು ಅಲ್ಲಿದ್ದರು. ಏನೇನೋ ನಡೆಯಿತು ಎಂದು ಸೂಚಿಸುತ್ತಾರೆ, ಬಿಡಿಸಿ ಹೇಳುವುದಿಲ್ಲ. ಫೋಟೊ ತೋರಿಸಿದ್ದು ಅವರ ಹೆಂಡತಿ: ಭುಜದಿಂದ ಸೊಂಟದವರೆಗೆ ಟೊಮೆಟೊ ಬಣ್ಣ, ಮೈತುಂಬ ಮುಲಾಮು. "ಬಿಸಿಲಿನೇಟು. ಮ್ಯಾಚಿಗೂ ಹೋಗಲಿಲ್ಲ, ಜಗಳಕ್ಕೂ ಹೋಗಲಿಲ್ಲ" ಎಂದಳು ಆಕೆ. 2000ದ ಯೂರೋ ಕಪ್ಪಿನಲ್ಲಿ ಬೆಲ್ಜಿಯಂನ ಶಾರ್ಲ್‌ರುವಾದಲ್ಲಿ ಜಲಫಿರಂಗಿ ಹಾರಿತು. ಇನ್ನೊಮ್ಮೆ ಹೀಗಾದರೆ ತಂಡವನ್ನೇ ಹೊರಹಾಕುತ್ತೇವೆ ಎಂದು ಯುಇಎಫ್‌ಎ ಗದರಿಸಿತು. ಅದಕ್ಕೆ ಆ ಶ್ರಮ ಬೀಳಲಿಲ್ಲ. ಮೂರೇ ದಿನದಲ್ಲಿ ಇಂಗ್ಲೆಂಡ್ ರೊಮೇನಿಯಕ್ಕೆ 2-3ರಲ್ಲಿ ಸೋತು ತಾನೇ ಮನೆಗೆ ಬಂತು.

1985ರ ಹೈಸಲ್ ಬಗ್ಗೆ ಮಾತ್ರ ಅವರು ಮಾತಾಡುವುದಿಲ್ಲ. ಬ್ರಸೆಲ್ಸಿನ ಆ ಕ್ರೀಡಾಂಗಣದಲ್ಲಿ ಲಿವರ್‌ಪೂಲ್ ಬೆಂಬಲಿಗರು ನುಗ್ಗಿದಾಗ ಗೋಡೆ ಕುಸಿದು 39 ಜನ ಸತ್ತರು, ಹೆಚ್ಚಿನವರು ಇಟಲಿಯವರು. ಇಂಗ್ಲಿಷ್ ಕ್ಲಬ್ಬುಗಳನ್ನು ಐದು ವರ್ಷ ಯುರೋಪಿನಿಂದ ಹೊರಗಿಟ್ಟರು. ಯಾರಾದರೂ ಆ ಹೆಸರೆತ್ತಿದರೆ ಯಜಮಾನ್ರು ಲೋಟ ಕೆಳಗಿಟ್ಟು ಕಿಟಕಿ ಕಡೆ ನೋಡುತ್ತಾರೆ. ಅಲ್ಲಿ ವಿನಿಗರ್ ಬಾಟಲಿ, ಬೆಂಕಿಕಡ್ಡಿ ಯಾವುದೂ ಹೊರಬರುವುದಿಲ್ಲ. ಈ ಒಂದು ಕಾರಣಕ್ಕೆ ನನಗೆ ಅವರ ಮೇಲೆ ಗೌರವ.

ಆಚೆ ಕಡೆಯೂ ಭಾಷ್ಯಕಾರರಿಗೆ ಬರವಿರಲಿಲ್ಲ. ಅವರು ಪಬ್ಬಿನಲ್ಲಲ್ಲ, ಸಂಸತ್ತಿನಲ್ಲಿ ಕೂರುತ್ತಿದ್ದರು. ರಷ್ಯದ ಸಂಸದ, ಅಲ್ಲಿನ ಫುಟ್‌ಬಾಲ್ ಸಂಸ್ಥೆಯ ಪದಾಧಿಕಾರಿ ಇಗೋರ್ ಲೆಬೆದೇವ್, ಅಭಿಮಾನಿಗಳು ಹೊಡೆದಾಡಿದರೆ ತಪ್ಪೇನಿದೆ, ಭೇಷ್ ಹುಡುಗರೇ, ಮುಂದುವರಿಸಿ ಎಂದು ಟ್ವೀಟ್ ಮಾಡಿದ. ಅಧ್ಯಕ್ಷ ಪುಟಿನ್ ನಾಚಿಕೆಗೇಡು ಎಂದೇನೋ ಹೇಳಿದರು, ಜೊತೆಗೆ ಇನ್ನೂರು ರಷ್ಯನ್ನರು ಕೆಲವು ಸಾವಿರ ಇಂಗ್ಲಿಷರನ್ನು ಹೇಗೆ ಹೊಡೆದರೋ ತಿಳಿಯುತ್ತಿಲ್ಲ ಎಂದೂ ಸೇರಿಸಿದರು. ಯಜಮಾನರಿಗೆ ಮಾರ್ಸೇಗಿಂತ ಈ ಗಣಿತ ಹೆಚ್ಚು ಚುಚ್ಚಿತು. ಮುಂದಿನ ವರ್ಷ ಅದೇ ಲೆಬೆದೇವ್, ಅಭಿಮಾನಿಗಳ ಹೊಡೆದಾಟವನ್ನೇ ಕ್ರೀಡೆಯಾಗಿ ಮಾಡೋಣ, ಕಡೆಗೆ ಇಪ್ಪತ್ತು ಜನ, ಆಯುಧವಿಲ್ಲದೆ, ಕ್ರೀಡಾಂಗಣದಲ್ಲಿ ಎಂದು ಸಲಹೆ ಕೊಟ್ಟ. ಲೋಕವೆಲ್ಲ ನಕ್ಕಿತು. ಯಜಮಾನ್ರು ನಗಲಿಲ್ಲ.

"ಸಮ ಆದ್ರೆ ಏನಂತೆ?" ಎಂದು ಕೇಳಿದರು.

"ಪೆನಾಲ್ಟಿ ಇಡಬಹುದು ಯಜಮಾನ್ರೇ."

ಅವರ ಮುಖ ಬಾಡಿತು. ಅಷ್ಟರಲ್ಲಾಗಲೇ ದೊಡ್ಡ ಟೂರ್ನಿಗಳಲ್ಲಿ ಇಂಗ್ಲೆಂಡ್ ಆರು ಸಲ ಪೆನಾಲ್ಟಿಯಲ್ಲಿ ಸೋತಿತ್ತು. "ಹಾಗಾದ್ರೆ ಅದೂ ಬೇಡ" ಎಂದರು.

ಯುಇಎಫ್‌ಎ ರಷ್ಯಕ್ಕೆ ಒಂದೂವರೆ ಲಕ್ಷ ಯೂರೋ ದಂಡ ಹಾಕಿ, ಕ್ರೀಡಾಂಗಣದೊಳಗೆ ಮತ್ತೆ ಗಲಾಟೆಯಾದರೆ ತಂಡ ಹೊರಗೆ ಎಂದು ತೂಗುಗತ್ತಿ ಕಟ್ಟಿತು. ಇಂಗ್ಲೆಂಡಿಗೂ ಎಚ್ಚರಿಕೆ ಬಂತು. ನಾಯಕ ವೇಯ್ನ್ ರೂನಿ ವಿಡಿಯೊದಲ್ಲಿ ಬಂದು, ಟಿಕೆಟ್ ಇಲ್ಲದವರು ದಯವಿಟ್ಟು ಬರಬೇಡಿ ಎಂದು ಕೇಳಿಕೊಂಡ. ಅದನ್ನು ತಪ್ಪದೆ ಪಾಲಿಸಿದವರು ನಮ್ಮ ಯಜಮಾನ್ರು, ಮಂಡಿನೋವಿತ್ತಲ್ಲ.

ಇದೇ ದಿನಗಳಲ್ಲಿ ಐರ್ಲೆಂಡಿನ ಅಭಿಮಾನಿಗಳ ವಿಡಿಯೊಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿದ್ದವು. ಬೋರ್ಡೋದ ರೈಲಿನಲ್ಲಿ ಒಂದು ಮಗುವಿಗೆ ಜೋಗುಳ ಹಾಡಿದರು. ಯಾರೋ ಮುದಿ ದಂಪತಿಯ ಕಾರಿನ ಪಂಕ್ಚರಾದ ಚಕ್ರ ಬದಲಾಯಿಸಿಕೊಟ್ಟರು, ಅದಕ್ಕೂ ಹಾಡು. ಕೊನೆಗೆ ಪ್ಯಾರಿಸ್ ನಗರ ಎರಡೂ ಐರ್ಲೆಂಡ್‌ಗಳ ಅಭಿಮಾನಿಗಳಿಗೆ ಪದಕವನ್ನೇ ಘೋಷಿಸಿತು. "ಇವರು ಫುಟ್‌ಬಾಲಿಗೆ ಬಂದಿದಾರೋ ಭಜನೆಗೆ ಬಂದಿದಾರೋ?" ಎಂದು ಯಜಮಾನ್ರು ಗೊಣಗಿದರು. ಆ ಜೋಗುಳದ ವಿಡಿಯೊವನ್ನು ಮಾತ್ರ ಇನ್ನೊಮ್ಮೆ ಹಾಕಿಸಿ ನೋಡಿದರು. ಐರಿಷರೂ ಬೆಳಗಿನಿಂದಲೇ ಕುಡಿದಿದ್ದರು ಎಂಬುದನ್ನು ನಾನು ಗಮನಕ್ಕೆ ತಂದೆ. ಕುಡಿತವೇ ಕಾರಣ ಎನ್ನುವ ವಾದ ಅಲ್ಲಿಗೆ ಸತ್ತಿತು, ಬಿಸಿಲಿನ ವಾದ ಹುಟ್ಟಿತು.

ಮುಂದಿನದು ಬೇಗ ಮುಗಿಯುತ್ತದೆ. ರಷ್ಯ ಸ್ಲೊವಾಕಿಯಕ್ಕೆ ಸೋತು, ವೇಲ್ಸಿಗೆ 0-3ರಲ್ಲಿ ಸೋತು, ಗುಂಪಿನ ತಳ ಸೇರಿತು. ಇಂಗ್ಲೆಂಡ್ ಜೂನ್ 27ರಂದು ನೀಸ್‌ನಲ್ಲಿ ಐಸ್‌ಲ್ಯಾಂಡಿಗೆ 1-2ರಲ್ಲಿ ಸೋತಿತು. ಆ ದೇಶದ ಜನಸಂಖ್ಯೆ ಸುಮಾರು ಮೂರು ಲಕ್ಷ ಮೂವತ್ತು ಸಾವಿರ, ಹೆಚ್ಚುಕಡಿಮೆ ನಮ್ಮ ಶಿವಮೊಗ್ಗ ನಗರದಷ್ಟು. ಇಬ್ಬರು ಕೋಚ್‌ಗಳಲ್ಲಿ ಒಬ್ಬ ಹಲ್ಲಿನ ಡಾಕ್ಟರು. ಯಜಮಾನ್ರು ಆ ರಾತ್ರಿ ದವಡೆ ಹಿಡಿದುಕೊಂಡು ಮನೆಗೆ ಹೋದರು. ಮೊದಲ ಮೂರೂ ಪಂದ್ಯ ಡ್ರಾ ಮಾಡಿಕೊಂಡು, ಮೂರನೇ ಸ್ಥಾನದ ಧರ್ಮಛತ್ರದಿಂದ ಒಳಗೆ ಬಂದ ಪೋರ್ಚುಗಲ್ ಕೊನೆಗೆ ಕಪ್ ಎತ್ತಿತು.

ನೀವು ಯಾವತ್ತಾದರೂ ಜೂನ್ ತಿಂಗಳಲ್ಲಿ ಆ ಕಡೆ ಹೋದರೆ ಈ ಯಜಮಾನರನ್ನು ಹುಡುಕುವ ಕಷ್ಟವಿಲ್ಲ, ಟಿ.ವಿ. ಎದುರಿನ ಖಾಲಿ ಕುರ್ಚಿಯಲ್ಲಿ ಕೂತರೆ ಸಾಕು. ಹೈಸಲ್ ವಿಷಯ ಎತ್ತಬೇಡಿ. ಹ್ಯಾರಿ ಕೇನ್ ಕಾರ್ನರ್ ಯಾಕೆ ಹೊಡೆದ ಎಂದು ಧಾರಾಳವಾಗಿ ಕೇಳಿ. ಉತ್ತರ ಮುಗಿಯುವವರೆಗಿನ ಬಿಯರು ಮಾತ್ರ ನಿಮ್ಮ ಲೆಕ್ಕಕ್ಕೆ.